ಪ್ರೊಸೆಸರ್ ಆಯ್ಕೆ: ಫ್ಲೋಸಾಲ್ವರ್‌ನಿಂದ ಆಟದ ಮೇಜಿನವರೆಗೆ



ಭತ್ತದ ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಸಿರುಗುಪ್ಪಕ್ಕೆ ಹೋಗಿದ್ದಾಗ, ಅಕ್ಕಿ ಗಿರಣಿಯ ಅಂಗಳದಲ್ಲಿ ಕಾಲೇಜು ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದ. ಅದು ಭತ್ತದ ಪ್ರಶ್ನೆಯಾಗಿರಲಿಲ್ಲ. ಆಟವಾಡುವ ತನ್ನ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸಬೇಕು, ಯಾವುದನ್ನು ಕೊಳ್ಳಲಿ ಎಂದು. ಕೈಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ಐದಾರು ಹೆಸರುಗಳು, ಪ್ರತಿಯೊಂದರ ಮುಂದೆ ಗಿಗಾಹರ್ಟ್ಸ್ ಮತ್ತು ಬೆಲೆ. ಗಿಗಾಹರ್ಟ್ಸ್ ಎಲ್ಲಕ್ಕಿಂತ ಹೆಚ್ಚಿದ್ದುದರ ಕೆಳಗೆ ಎರಡು ಗೆರೆ ಎಳೆದಿದ್ದ. ಹಣ ಮನೆಯವರು ಭತ್ತ ಮಾರಿ ಕೊಟ್ಟದ್ದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದ ಸುದ್ದಿ ಕೇಳಿ ನಿದ್ದೆಗೆಟ್ಟ ಊರು ಅದು. ಅಲ್ಲಿ ಮುಂದಿನ ಫಸಲಿನ ಹಣವನ್ನು ಯಾರೂ ಈಗಲೇ ಎಣಿಸಿಕೊಳ್ಳುವುದಿಲ್ಲ. ತಪ್ಪು ವಸ್ತು ಕೊಂಡರೆ ಇನ್ನೊಂದು ಬರುವುದು ಯಾವಾಗಲೋ.

ಕ್ಯಾಮೆರಾ ಕಾಯುತ್ತಿತ್ತು, ಅಂದು ಅರೆಬರೆ ಉತ್ತರ ಕೊಟ್ಟೆ. ಪೂರ್ತಿ ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕು. ನಿಮ್ಮಲ್ಲಿ ಅನೇಕರಿಗೆ ಇದೇ ಪ್ರಶ್ನೆ ಇರಬಹುದಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಎರಡು ಗೆರೆಯ ವಿಷಯ. ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನ ಗಡಿಯಾರ ಒಂದು ಸೆಕೆಂಡಿಗೆ ಎಷ್ಟು ನೂರು ಕೋಟಿ ಬಾರಿ ಬಡಿಯುತ್ತದೆ ಎಂಬ ಲೆಕ್ಕ. ಭತ್ತ ಕುಟ್ಟುವ ಒನಕೆಯನ್ನು ನೆನೆಯಿರಿ. ನಿಮಿಷಕ್ಕೆ ಎಷ್ಟು ಪೆಟ್ಟು ಬಿತ್ತು ಎಂದು ಹೇಳಿದರೆ ಎಷ್ಟು ಅಕ್ಕಿಯಾಯಿತು ಎಂದು ಹೇಳಿದಂತಾಗಲಿಲ್ಲ. ಒಂದು ಪೆಟ್ಟಿಗೆ ಎಷ್ಟು ಭತ್ತ ಹೊಟ್ಟು ಬಿಡುತ್ತದೆ, ಒರಳಿಗೆ ಭತ್ತ ಸುರಿಯುವ ಕೈ ಎಷ್ಟು ಚುರುಕು ಎಂಬುದೂ ಗೊತ್ತಿರಬೇಕು. ಪ್ರೊಸೆಸರ್ ಆರಿಸಿದವರೆಲ್ಲ ಈ ಲೆಕ್ಕ ಹಾಕಲೇಬೇಕಾಗಿತ್ತು. ಹಾಕದವರು ದಂಡ ತೆತ್ತರು.

ಇಂಟೆಲ್ ಸಂಸ್ಥೆಯ 4004 ಎಂಬ ಮೊದಲ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 1971ರ ನವೆಂಬರಿನಲ್ಲಿ. ಜಪಾನಿನ ಒಂದು ಕ್ಯಾಲ್ಕುಲೇಟರ್ ಕಂಪೆನಿಗಾಗಿ ಮಾಡಿದ ಆ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. 1978ರಲ್ಲಿ 16 ಬಿಟ್ಟಿನ 8086 ಬಂತು. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರೊಳಗೆ ಇಟ್ಟದ್ದು 8086 ಅನ್ನಲ್ಲ, ಅದರ ತಮ್ಮನಾದ 8088 ಅನ್ನು. ಅದು ಹೊರಗಿನೊಡನೆ ಒಮ್ಮೆಗೆ 8 ಬಿಟ್ಟುಗಳನ್ನು ಮಾತ್ರ ಸಾಗಿಸಬಲ್ಲದು, ಆದ್ದರಿಂದ ನಿಧಾನ. ಆದರೆ ಆಗ ಅಗ್ಗವಾಗಿ ಸಿಗುತ್ತಿದ್ದ 8 ಬಿಟ್ಟಿನ ಇತರ ಬಿಡಿಭಾಗಗಳೊಂದಿಗೆ ಅದು ಹೊಂದಿಕೊಳ್ಳುತ್ತಿತ್ತು. ಜಗತ್ತನ್ನೇ ಬದಲಿಸಿದ ಪಿಸಿಗೆ ಸಿಕ್ಕ ಪ್ರೊಸೆಸರ್ ಅದನ್ನು ಕೂರಿಸಬೇಕಾದ ಬೋರ್ಡಿನ ಖರ್ಚನ್ನು ನೋಡಿ ಆರಿಸಿದ್ದು. ಆ ಪಿಸಿಯಲ್ಲಿ ಒಂದು ಖಾಲಿ ಗೂಡೂ ಇತ್ತು. ಬೇಕಾದವರು ಅಲ್ಲಿ 8087 ಎಂಬ ಇನ್ನೊಂದು ಚಿಪ್ಪು ಕೂರಿಸಬಹುದಿತ್ತು.

ಈ 8087 ನಮ್ಮನ್ನು ಬೆಂಗಳೂರಿಗೆ ಕರೆತರುತ್ತದೆ.

1980ರ ದಶಕದಲ್ಲಿ ಬೆಂಗಳೂರಿನ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಒಂದು ಕಷ್ಟದಲ್ಲಿತ್ತು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಲೆಕ್ಕದಿಂದ ಕಂಡುಕೊಳ್ಳಬೇಕಾದರೆ ಕೋಟ್ಯಂತರ ಗುಣಾಕಾರ ಭಾಗಾಕಾರಗಳನ್ನು ಮಾಡಬೇಕು, ಅದೂ ದಶಮಾಂಶದ ಸಂಖ್ಯೆಗಳಲ್ಲಿ. ಅದಕ್ಕೆ ಬೇಕಾದ ಸೂಪರ್ ಕಂಪ್ಯೂಟರುಗಳು ಅಮೆರಿಕದಲ್ಲಿದ್ದವು. ಅವುಗಳಿಗೆ ಬೆಲೆಯ ಜೊತೆಗೆ ಅಲ್ಲಿನ ಸರ್ಕಾರದ ಅನುಮತಿಯೂ ಬೇಕಿತ್ತು, ಅದು ಸುಲಭವಾಗಿ ಸಿಗುತ್ತಿರಲಿಲ್ಲ. ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಅವರ ಕಾಲದಲ್ಲಿ ಡಾ. ಯು. ಎನ್. ಸಿನ್ಹಾ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ದೊಡ್ಡ ಯಂತ್ರ ಸಿಗದಿದ್ದರೆ ಸಿಗುವ ಸಣ್ಣ ಪ್ರೊಸೆಸರುಗಳನ್ನೇ ಜೋಡಿಸಿ ಲೆಕ್ಕವನ್ನು ಹಂಚಿಕೊಡುವುದು. 1986ರಲ್ಲಿ ಕೆಲಸ ಶುರುಮಾಡಿದ ಆ ಯಂತ್ರದ ಹೆಸರು ಫ್ಲೋಸಾಲ್ವರ್. ಹರಿವಿನ ಲೆಕ್ಕ ಬಿಡಿಸುವುದು ಎಂದೇ ಅದರ ಅರ್ಥ. ಭಾರತದ ಮೊದಲ ಸಮಾಂತರ ಗಣಕವೆಂದು ಅದನ್ನು ಎಣಿಸುತ್ತಾರೆ.

ಅದರೊಳಗಿದ್ದದ್ದು 8086, ಪ್ರತಿಯೊಂದರ ಪಕ್ಕದಲ್ಲೂ ಒಂದು 8087. ಈ ಜೋಡಿಯನ್ನು ಗಮನಿಸಿ. 8086 ಪೂರ್ಣಾಂಕಗಳಲ್ಲಿ ಜಾಣ. ಆದರೆ ದಶಮಾಂಶದ ಸಂಖ್ಯೆಗಳನ್ನು ಕೊಟ್ಟರೆ ಅವನ್ನು ಸಣ್ಣ ಸಣ್ಣ ಪೂರ್ಣಾಂಕ ಲೆಕ್ಕಗಳಾಗಿ ಒಡೆದು ತೆವಳುತ್ತಾ ಸಾಗಬೇಕು. 8087 ಅದೊಂದೇ ಕೆಲಸಕ್ಕೆ ಹುಟ್ಟಿದ್ದು, ಅದನ್ನು ಹತ್ತಾರು ಪಟ್ಟು ಬೇಗ ಮಾಡುತ್ತಿತ್ತು. ಗಡಿಯಾರದ ಬಡಿತ ಎರಡಕ್ಕೂ ಒಂದೇ. ಎನ್‌ಎಎಲ್‌ನವರು ನೋಡಿದ್ದು ಬಡಿತವನ್ನಲ್ಲ, ತಮ್ಮ ಲೆಕ್ಕದ ಸ್ವಭಾವವನ್ನು. ಮುಂದೆ ಅವರು ಅದೇ ಯಂತ್ರವನ್ನು ಹಂತ ಹಂತವಾಗಿ ಬದಲಿಸಿದರು. 80386 ಮತ್ತು ಅದರ ಜೊತೆಗಾರ 80387, ಆಮೇಲೆ ಐ860, ಆಮೇಲೆ ಪೆಂಟಿಯಂ ವಂಶ. 1990ರ ದಶಕದಲ್ಲಿ ಹವಾಮಾನ ಮುನ್ಸೂಚನೆಯ ಲೆಕ್ಕವೂ ಅದರ ಮೇಲೆ ನಡೆಯಿತು. ನೀವು ಇಂದು ಅಪ್‌ಗ್ರೇಡ್ ಎನ್ನುವುದನ್ನು ಆ ಪ್ರಯೋಗಾಲಯ ಇಷ್ಟು ವರ್ಷಗಳ ಹಿಂದೆಯೇ ಮಾಡುತ್ತಿತ್ತು, ಆಟಕ್ಕಾಗಿ ಅಲ್ಲದಿದ್ದರೂ.

ಆಟಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಎಂಬ ಆಟ ತನ್ನ ಲೆಕ್ಕಗಳನ್ನೆಲ್ಲ ಪೂರ್ಣಾಂಕಗಳಲ್ಲೇ ಮುಗಿಸಿಕೊಳ್ಳುತ್ತಿತ್ತು. ಆದ್ದರಿಂದ ಗಣಿತದ ಚಿಪ್ಪಿಲ್ಲದ ಅಗ್ಗದ 486 ಎಸ್‌ಎಕ್ಸ್‌ನಲ್ಲೂ ಅದು ಓಡಿತು. ಅದೇ ಸಂಸ್ಥೆ 1996ರಲ್ಲಿ ಕ್ವೇಕ್ ಎಂಬ ಆಟ ತಂದಿತು. ಅದರ ಗೋಡೆ, ಕಂಬ, ರಾಕ್ಷಸರೆಲ್ಲ ನಿಜವಾದ ಮೂರು ಆಯಾಮದವರು. ಅವರನ್ನು ಪರದೆಯ ಮೇಲೆ ಚಿತ್ರಿಸಲು ದಶಮಾಂಶದ ಭಾಗಾಕಾರ ಎಡೆಬಿಡದೆ ನಡೆಯಬೇಕು. ಪೆಂಟಿಯಂ ಒಂದು ಕಡೆ ಭಾಗಾಕಾರ ಮಾಡುತ್ತಲೇ ಇನ್ನೊಂದು ಕಡೆ ಬಣ್ಣ ಬಳಿಯುತ್ತಿತ್ತು. ಕ್ವೇಕ್ ಬರೆದವರು ಅದನ್ನೇ ನೆಚ್ಚಿದ್ದರು. ಅದೇ ಹೊತ್ತಿಗೆ ಸೈರಿಕ್ಸ್ ಎಂಬ ಕಂಪೆನಿಯ 6x86 ಪ್ರೊಸೆಸರ್ ಪಿಆರ್ 166+ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅದರ ನಿಜವಾದ ಗಡಿಯಾರ 133 ಮೆಗಾಹರ್ಟ್ಸ್. 166ರ ಪೆಂಟಿಯಂಗೆ ಸಮ ಎಂಬುದು ಆ ಹೆಸರಿನ ಸೂಚನೆ. ಪತ್ರ ಬರೆಯಲು, ಲೆಕ್ಕಪತ್ರ ಇಡಲು ಆ ಮಾತು ಸುಳ್ಳಾಗಿರಲಿಲ್ಲ. ಆದರೆ ಕ್ವೇಕ್ ಹಾಕಿದೊಡನೆ ಅದು ಪೆಂಟಿಯಂನ ಹಿಂದೆ ಬಹುದೂರ ಉಳಿಯಿತು. ಕೊಂಡ ಹುಡುಗರಿಗೆ ಆದ ನಿರಾಸೆ ಸಣ್ಣದಲ್ಲ. ರೆಕ್ಕೆಯ ಮೇಲಿನ ಗಾಳಿಗೆ 1986ರಲ್ಲಿ ಬೇಕಾಗಿದ್ದದ್ದೇ ಹತ್ತು ವರ್ಷದ ನಂತರ ಆಟದ ರಾಕ್ಷಸನಿಗೂ ಬೇಕಾಯಿತು.

ಮುಂದಿನ ದಂಡ ತೆತ್ತವರು ಸ್ವತಃ ಇಂಟೆಲ್‌ನವರು. 2000ದ ನವೆಂಬರಿನಲ್ಲಿ ಬಂದ ಪೆಂಟಿಯಂ 4 ಅನ್ನು ಬಡಿತ ಏರಿಸುವುದಕ್ಕೆಂದೇ ರೂಪಿಸಿದ್ದರು. ಕೆಲಸವನ್ನು 20 ಸಣ್ಣ ಹಂತಗಳಾಗಿ ಒಡೆದರು, 2004ರ ಆವೃತ್ತಿಯಲ್ಲಿ 31 ಹಂತಗಳಾಗಿ. ಹಂತ ಸಣ್ಣದಾದಷ್ಟೂ ಬಡಿತ ಬೇಗ. ಆದರೆ ಒಂದು ಊಹೆ ತಪ್ಪಿತೆಂದರೆ ಅಷ್ಟೂ ಹಂತಗಳನ್ನು ಖಾಲಿ ಮಾಡಿ ಮತ್ತೆ ತುಂಬಬೇಕು. ಜೊತೆಗೆ ಕಾವು. 4 ಗಿಗಾಹರ್ಟ್ಸ್ ಮುಟ್ಟುವ ಯೋಜನೆಯನ್ನು ಆ ಕಂಪೆನಿ 2004ರಲ್ಲೇ ಕೈಬಿಟ್ಟಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯವರಿಗೆ ಕಾವಿನ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಪ್ರೊಸೆಸರಿನ ಫ್ಯಾನು ಕೋಣೆಯ ಗಾಳಿಯನ್ನೇ ಬೀಸಬೇಕಲ್ಲವೇ? ಕೊಳ್ಳುವಾಗ ವ್ಯಾಟ್ ಎಷ್ಟು ಎಂಬುದನ್ನೂ ಓದಿ.

ಆ ಬಳಿಕ ಒಂದೇ ಚಿಪ್ಪಿನಲ್ಲಿ ಹಲವು ಕೋರ್‌ಗಳನ್ನು ಇಡುವ ಕಾಲ ಬಂತು. ಫ್ಲೋಸಾಲ್ವರ್ ಪೆಟ್ಟಿಗೆಯೊಳಗೆ ಮಾಡಿದ್ದನ್ನು ಚಿಪ್ಪಿನೊಳಗೆ ಮಾಡಿದಂತೆ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ರೂಪುಗೊಂಡದ್ದು ಬೆಂಗಳೂರಿನಲ್ಲೇ.

ಇನ್ನು ಗಿರಣಿಗೆ ಮರಳೋಣ. ಅಂದು ಚಿತ್ರೀಕರಣದಲ್ಲಿ ಯಂತ್ರ ನೋಡಿಕೊಳ್ಳುವವರು ಒಂದು ಮಾತು ಹೇಳಿದ್ದರು. ಹೊಟ್ಟು ಬಿಡಿಸುವ ಯಂತ್ರವನ್ನು ಮಾತ್ರ ದೊಡ್ಡದು ತಂದರೆ ಏನೂ ಆಗದು, ಭತ್ತ ಮೇಲಕ್ಕೆತ್ತುವ ಎಲಿವೇಟರ್ ಹಳೆಯದೇ ಆದರೆ ಹೊಸ ಯಂತ್ರ ಬಾಯಿ ತೆರೆದುಕೊಂಡು ಕಾಯುತ್ತದೆ ಎಂದು. ಇಂದಿನ ಪ್ರೊಸೆಸರಿನ ಸ್ಥಿತಿ ಇದೇ. ಅದು ಮೆಮೊರಿಯಿಂದ ಬರಬೇಕಾದ ದತ್ತಾಂಶಕ್ಕಾಗಿ ನೂರಾರು ಬಡಿತಗಳಷ್ಟು ಹೊತ್ತು ಸುಮ್ಮನೆ ಕಾಯಬೇಕಾಗುತ್ತದೆ. ಇದನ್ನು ತಪ್ಪಿಸಲು ಚಿಪ್ಪಿನೊಳಗೇ ಇಟ್ಟಿರುವ ಸಣ್ಣ ಕಣಜಕ್ಕೆ ಕ್ಯಾಶ್ ಎಂದು ಹೆಸರು. 2022ರ ಏಪ್ರಿಲ್‌ನಲ್ಲಿ ಎಎಂಡಿ ಕಂಪೆನಿ ರೈಜೆನ್ 5800ಎಕ್ಸ್3ಡಿ ಎಂಬ ಪ್ರೊಸೆಸರ್ ತಂದಿತು. ತನ್ನ ಅಣ್ಣನಾದ 5800ಎಕ್ಸ್‌ಗಿಂತ ಅದರ ಬಡಿತ ಕಡಿಮೆ, 4.7ರ ಬದಲು 4.5 ಗಿಗಾಹರ್ಟ್ಸ್. ಆದರೆ ಮೂರನೆಯ ಹಂತದ ಕಣಜ 32 ಮೆಗಾಬೈಟಿನಿಂದ 96ಕ್ಕೆ ಏರಿತ್ತು. ಅನೇಕ ಆಟಗಳಲ್ಲಿ ತಮ್ಮ ಅಣ್ಣನನ್ನು ಸೋಲಿಸಿದ. ಚಿತ್ರ ಸಂಕಲನದಂಥ ಕೆಲಸಗಳಲ್ಲಿ ಅಣ್ಣನೇ ಒಂದು ಕೈ ಮೇಲು. ಇದನ್ನು ನನ್ನ ಕಸುಬಿನ ದೃಷ್ಟಿಯಿಂದಲೂ ಹೇಳುತ್ತಿದ್ದೇನೆ.

ಆ ಹುಡುಗನ ಚೀಟಿಯಲ್ಲಿ ಗಿಗಾಹರ್ಟ್ಸ್ ಇತ್ತು, ಕ್ಯಾಶ್ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವನ ಬೋರ್ಡ್ ಯಾವುದು ಎಂಬುದೇ ಇರಲಿಲ್ಲ. ಗೆರೆ ಎಳೆದ ಪ್ರೊಸೆಸರ್ ಅವನ ಬೋರ್ಡಿನ ಗೂಡಿಗೆ ಕೂರುವುದೇ ಇಲ್ಲ. ಬೋರ್ಡ್, ಮೆಮೊರಿ ಎರಡನ್ನೂ ಹೊಸದಾಗಿ ಕೊಳ್ಳಬೇಕಾಗುತ್ತಿತ್ತು. ನಾನು ಅವನಿಗೆ ಅಂದು ಹೇಳಿದ್ದು ಒಂದೇ ಪರೀಕ್ಷೆ. ಆಟದ ಚಿತ್ರದ ರೆಸಲ್ಯೂಷನ್ ಅನ್ನು ಅರ್ಧಕ್ಕೆ ಇಳಿಸಿ ನೋಡು. ಆಗ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಜಿಗಿದರೆ ತಡೆಯಿರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ, ಪ್ರೊಸೆಸರ್ ಬದಲಿಸಿ ಫಲವಿಲ್ಲ. ಇದ್ದಷ್ಟೇ ಇದ್ದರೆ ಪ್ರೊಸೆಸರ್ ಅಥವಾ ಮೆಮೊರಿ ಕಡೆ ನೋಡು.

ವಾರದ ಮೇಲೆ ಅವನ ಫೋನ್ ಬಂತು. ಸಂಖ್ಯೆ ಕದಲಲಿಲ್ಲವಂತೆ. ಅವನದು 2017ರ ಮೊದಲ ಪೀಳಿಗೆಯ ರೈಜೆನ್, ಎಎಂ4 ಗೂಡು. 2022ರಿಂದ ಆ ಹಳೆಯ ಬೋರ್ಡುಗಳಿಗೂ 5000 ಸರಣಿಯನ್ನು ಎಎಂಡಿ ಅನುಮತಿಸಿದೆ. ಬಯಾಸ್ ತಂತ್ರಾಂಶವನ್ನು ಮೊದಲು ಹೊಸದಾಗಿಸಿಕೊಳ್ಳಬೇಕು, ಅದೂ ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ. ಅದನ್ನು ಎರಡು ಸಲ ಹೇಳಿದೆ, ಏಕೆಂದರೆ ತೆಗೆದ ಮೇಲೆ ನೆನಪಾದರೆ ಕಷ್ಟ. ಅದೇ ಗೂಡಿಗೆ ಹೊಂದುವ ಒಂದನ್ನು ಕೊಂಡನಂತೆ, ಚೀಟಿಯಲ್ಲಿದ್ದುದರ ಅರ್ಧಕ್ಕೂ ಕಡಿಮೆ ಬೆಲೆಗೆ. ಉಳಿದ ಹಣ ಮನೆಗೆ ಮರಳಿತೇ ಎಂದು ನಾನು ಕೇಳಲಿಲ್ಲ.