ಐರ್ಲೆಂಡಿಗೆ ಹೋಗದ ಸೈಕಲ್ಲು, ವೈಟ್‌ಫೀಲ್ಡಿನಿಂದ ಬೇಗೂರಿಗೆ

ತುಂಬಾ ದಿನವಾಯಿತು ಇಲ್ಲಿ ಏನೂ ಬರೆದು. ರಿಲೀಸ್, ಅದರ ಹಿಂದೆ ಇನ್ನೊಂದು ರಿಲೀಸ್, ಮಧ್ಯೆ ಮನೆಯ ಗಡಿಬಿಡಿ... ನೆಪಗಳಿಗೇನು ಬರ ಇಲ್ಲ ಬಿಡಿ. ಹೋದ ಭಾನುವಾರ ಸೈಕಲ್ ತುಳಿದುಕೊಂಡು ಬೇಗೂರಿನವರೆಗೂ ಹೋಗಿಬಂದೆ. ಬಂದಾಗಿನಿಂದ ತಲೆಯಲ್ಲಿ ಒಂದಷ್ಟು ವಿಷಯ ಸುತ್ತುತ್ತಿದೆ. ಬರೆದುಬಿಟ್ಟರೆ ಹಗುರಾಗುತ್ತೇನೆ ಅನ್ನಿಸಿತು.

ಮೊದಲು ಐರ್ಲೆಂಡಿನ ಕಥೆ. ಎರಡು ವರ್ಷದ ಹಿಂದೆ ನನಗೆ ಡಬ್ಲಿನ್‌ಗೆ ಆನ್‌ಸೈಟ್ ಅವಕಾಶ ಬಂದಿತ್ತು. ಆಫೀಸ್ ಕೆಲಸ ಒಂದು ಕಡೆ ಇರಲಿ, ವಾರದ ಕೊನೆಗೆ ಬಾಡಿಗೆ ಸೈಕಲ್ ತೆಗೆದುಕೊಂಡು ಅಲ್ಲಿನ ಹಳ್ಳಿಗಳನ್ನೆಲ್ಲಾ ಸುತ್ತಬೇಕು ಅಂತ ನಕಾಶೆ ಬೇರೆ ಗುರುತು ಮಾಡಿಟ್ಟುಕೊಂಡಿದ್ದೆ. ವೀಸಾ ಕಾಗದ ಹೊಂದಿಸುತ್ತಿದ್ದ ವಾರದಲ್ಲೇ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ನಾನು ಒಬ್ಬನೇ ಮಗ. ನನ್ನ ಬದಲಿಗೆ ಪಕ್ಕದ ಕ್ಯೂಬಿಕಲ್ಲಿನ ಗೆಳೆಯ ಹೋದ. ಅವನು ಕಳಿಸಿದ ಫೋಟೋಗಳನ್ನು ನೋಡಿ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ :-)

ಆ ಹೊಟ್ಟೆಯುರಿಯಲ್ಲೇ ಐರ್ಲೆಂಡಿನ ಸೈಕಲ್ ಬಗ್ಗೆ ಓದತೊಡಗಿದೆ. ನಮ್ಮ ಸೈಕಲ್ಲಿಗೂ ಆ ದೇಶಕ್ಕೂ ಹತ್ತಿರದ ನಂಟಿದೆ. ಜಾನ್ ಬಾಯ್ಡ್ ಡನ್‌ಲಪ್ ಅಂತ ಸ್ಕಾಟ್ಲೆಂಡಿನವನು, ಕಸುಬಿನಲ್ಲಿ ದನದ ಡಾಕ್ಟರು, ಬೆಲ್‌ಫಾಸ್ಟ್‌ನಲ್ಲಿ ನೆಲೆಸಿದ್ದ. ಮಗನ ಮೂರು ಚಕ್ರದ ಸೈಕಲ್ಲು ಗಟ್ಟಿ ರಬ್ಬರಿನ ಚಕ್ರದಿಂದ ಕುಲುಕುತ್ತದೆ ಅಂತ ಗಾಳಿ ತುಂಬಿದ ಟೈರು ಮಾಡಿದ. 1888ರಲ್ಲಿ ಪೇಟೆಂಟ್ ಸಿಕ್ಕಿತು. ಅವನಿಗಿಂತ ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಎಂಬಾತ ಇದೇ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ ಅಂತ ಆಮೇಲೆ ಗೊತ್ತಾಗಿ ಡನ್‌ಲಪ್‌ನದು ಬಿದ್ದುಹೋಯಿತು. ಆದರೂ ಗಾಳಿ ಟೈರಿನ ವ್ಯಾಪಾರ ಶುರುವಾದದ್ದು 1889ರಲ್ಲಿ, ಡಬ್ಲಿನ್‌ನಲ್ಲಿ. ನಮ್ಮ ಊರಿನ ಸೈಕಲ್ ಶಾಪಿನವನು ಟ್ಯೂಬನ್ನು ನೀರಿನ ಬಾಣಲಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದರ ಮೂಲ ಅಲ್ಲಿದೆ!

ಇನ್ನೊಬ್ಬರು ಡರ್ವ್ಲಾ ಮರ್ಫಿ. ಐರ್ಲೆಂಡಿನ ಲಿಸ್ಮೋರ್ ಎಂಬ ಸಣ್ಣ ಊರಿನಲ್ಲಿ 1931ರಲ್ಲಿ ಹುಟ್ಟಿದವರು. ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಹಳೇ ಸೈಕಲ್ಲು, ಒಂದು ಅಟ್ಲಾಸು ಉಡುಗೊರೆ ಸಿಕ್ಕಿತು. ಇವೆರಡನ್ನೂ ಕೂಡಿಸಿದರೆ ಇಂಡಿಯಾಕ್ಕೆ ಹೋಗಬಹುದಲ್ಲಾ ಅಂತ ಆ ಹುಡುಗಿ ಕೆಲವೇ ದಿನಗಳಲ್ಲಿ ತೀರ್ಮಾನ ಮಾಡಿದಳು. ಆದರೆ ತಾಯಿಗೆ ಸಂಧಿವಾತ, ಹಾಸಿಗೆ ಬಿಟ್ಟು ಏಳುವಂತಿಲ್ಲ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ತಾಯಿಯ ಆರೈಕೆಗೆ ನಿಂತರು. ಹತ್ತಿರ ಹತ್ತಿರ ಹದಿನಾರು ವರ್ಷ. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ, 1963ರ ಜನವರಿಯಲ್ಲಿ, ಯೂರೋಪಿನ ಭೀಕರ ಚಳಿಯಲ್ಲಿ, 'ರೋಸಿನಾಂಟೆ' ಅಂತ ಹೆಸರಿಟ್ಟ ಸೈಕಲ್ ಹತ್ತಿ ಹೊರಟೇಬಿಟ್ಟರು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಆ ಬೇಸಿಗೆಯಲ್ಲೇ ದೆಹಲಿ ಮುಟ್ಟಿದರು. ಹತ್ತು ವರ್ಷದ ಮೇಲೆ ಐದು ವರ್ಷದ ಮಗಳನ್ನು ಕರೆದುಕೊಂಡು ಮತ್ತೆ ಬಂದು, ಈ ಸಲ ಸೈಕಲ್ ಇಲ್ಲದೆ, ನಮ್ಮ ಕೊಡಗಿನಲ್ಲಿ ಕೆಲಕಾಲ ಇದ್ದು 1976ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. 2022ರಲ್ಲಿ ತೀರಿಕೊಂಡರು.

ಹದಿನಾರು ವರ್ಷ ಕಾದವರ ಕಥೆ ಓದಿದ ಮೇಲೆ ನನ್ನ ಎರಡು ವರ್ಷದ ಗೊಣಗಾಟಕ್ಕೆ ನನಗೇ ನಾಚಿಕೆಯಾಯಿತು. ಇಂಡಿಯಾ ನೋಡಲು ಅಷ್ಟು ದೂರದಿಂದ ಅವರು ಬಂದರು, ನಾನು ಇರುವ ಜಾಗವನ್ನೇ ನೋಡಿಲ್ಲವಲ್ಲ ಅನ್ನಿಸಿತು. ಹಾಗೆ ಹೊರಟದ್ದು ಈ ಸವಾರಿ.

ಈಗ ನಮ್ಮ ಬಾಡಿಗೆ ಮನೆ ಇರುವುದು ಕಾಡುಗೋಡಿಯಲ್ಲಿ. ಬೆಳಿಗ್ಗೆ ಐದೂವರೆಗೆ ಬಿಟ್ಟೆ. ಮೊದಲು ಸಿಕ್ಕಿದ್ದು ಹಳೇ ವೈಟ್‌ಫೀಲ್ಡು, ಇನ್ನರ್ ಸರ್ಕಲ್. ವೈಟ್‌ಫೀಲ್ಡ್ ಅಂದರೆ ಬಿಳೀ ಹೊಲ ಅಂತ ನಾನು ಸೇರಿದ ಹೊಸದರಲ್ಲಿ ಅಂದುಕೊಂಡಿದ್ದೆ. ಅದು ಡೇವಿಡ್ ವೈಟ್ ಎಂಬ ವ್ಯಕ್ತಿಯ ಹೆಸರು. 1882ರಲ್ಲಿ ಮೈಸೂರಿನ ಮಹಾರಾಜರು, ಹತ್ತನೇ ಚಾಮರಾಜ ಒಡೆಯರು, ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3900 ಎಕರೆ ಭೂಮಿ ಕೊಟ್ಟರು. ಇತ್ತ ಬ್ರಿಟಿಷರೂ ತಮ್ಮವರೆನ್ನದ, ಅತ್ತ ನಮ್ಮವರೂ ಒಳಗೆ ಸೇರಿಸಿಕೊಳ್ಳದ ಆ ಜನಕ್ಕೆ ಒಂದು ಸ್ವಂತ ನೆಲ ಬೇಕಿತ್ತು. ಬೇಸಾಯ ಮಾಡಿಕೊಂಡು ಸ್ವಾವಲಂಬಿಗಳಾಗಿರಲಿ ಅನ್ನುವುದು ವೈಟ್ ಕನಸು. ನಡುವೆ ಬಯಲು, ಸುತ್ತ ದುಂಡಗೆ ರಸ್ತೆ, ರಸ್ತೆಗೆ ಮುಖ ಮಾಡಿ ಹೆಂಚಿನ ಮನೆ, ಮನೆ ಸುತ್ತ ತೋಟ. ನಕಾಶೆ ಚೆನ್ನಾಗಿಯೇ ಇತ್ತು, ಬೇಸಾಯ ಮಾತ್ರ ಅಷ್ಟಾಗಿ ಕೈ ಹಿಡಿಯಲಿಲ್ಲ. ಹುಡುಗರು ರೈಲ್ವೆ, ತಂತಿ ಇಲಾಖೆ, ಕೋಲಾರದ ಚಿನ್ನದ ಗಣಿ ಅಂತ ಹೊರಟುಹೋದರು. ಸ್ವಾತಂತ್ರ್ಯ ಬಂದ ಮೇಲೆ ಬಹಳಷ್ಟು ಜನ ದೇಶವನ್ನೇ ಬಿಟ್ಟರು.

ನಾನು ಹೋದಾಗ ಆ ವೃತ್ತದಲ್ಲಿ ಒಬ್ಬರು ಅಜ್ಜಿ ಗೇಟಿನ ಮುಂದೆ ಕಸ ಗುಡಿಸುತ್ತಿದ್ದರು. ಪಕ್ಕದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುತ್ತಿದ್ದಾರೆ. ಸುತ್ತಮುತ್ತ ಈಗ ನಮ್ಮದೇ ಜನ, ಅಂದರೆ ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡವರು. ನಾವೂ ಸ್ವಂತ ನೆಲ ಹುಡುಕಿಕೊಂಡು ಬಂದವರೇ ಅಲ್ಲವೇ? ವ್ಯತ್ಯಾಸ ಇಷ್ಟೇ, ಅವರಿಗೆ ಮಹಾರಾಜರು ಕೊಟ್ಟರು, ನಮಗೆ ಬ್ಯಾಂಕಿನವರು ಇಪ್ಪತ್ತು ವರ್ಷದ ಕಂತಿನಲ್ಲಿ ಕೊಡುತ್ತಾರೆ.

ಆದರೆ ವೈಟ್ ಬರುವ ಮುಂಚೆ ಇಲ್ಲಿ ಏನೂ ಇರಲಿಲ್ಲ ಅಂತಲ್ಲ. ಕಾಡುಗೋಡಿಯಲ್ಲಿ 1043ರ, ಅಂದರೆ ರಾಜೇಂದ್ರ ಚೋಳನ ಕಾಲದ ಶಾಸನವಿದೆ. ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದ್ದನ್ನು ಅದು ಹೇಳುತ್ತದೆ. ಇವತ್ತು ಟೆಕ್ ಪಾರ್ಕಿನ ಕಿಟಕಿಯಿಂದ ಕಾಣುವ ಪಟ್ಟಂದೂರು ಅಗ್ರಹಾರದ ಹೆಸರು ಅಷ್ಟು ಹಳೆಯದು. ನಾವು ಲಂಚ್ ಬ್ರೇಕಿನಲ್ಲಿ 'ಈ ಏರಿಯಾದಲ್ಲಿ ಹಿಸ್ಟರಿ ಅಂತ ಏನೂ ಇಲ್ಲ ಮಗಾ' ಅನ್ನುತ್ತಿರುತ್ತೇವೆ!

ವರ್ತೂರು, ಗುಂಜೂರು ದಾಟಿ ದೊಮ್ಮಸಂದ್ರ, ಅಲ್ಲಿಂದ ಮುತ್ತಾನಲ್ಲೂರಿನ ಮೇಲೆ ಚಂದಾಪುರ. ಈ ದಾರಿಯಲ್ಲಿ ಇನ್ನೂ ಅಲ್ಲಲ್ಲಿ ರಾಗಿ ಹೊಲ, ಗುಲಾಬಿ ತೋಟ, ಮಧ್ಯೆ ಮಧ್ಯೆ ಲೇಔಟಿನ ಕಮಾನು. ಒಂದು ಕಡೆ ಹೊಲದ ಬದುವಿನಲ್ಲೇ ಹಳದಿ ಬಣ್ಣದ ಸೈಟ್ ಕಲ್ಲು ನೆಟ್ಟಿದ್ದರು, ಹೊಲದಲ್ಲಿ ಅವರೆಗಿಡ ಹೂ ಬಿಟ್ಟಿತ್ತು. ಟೀ ಅಂಗಡಿಯ ಯಜಮಾನರು ನನ್ನ ಹೆಲ್ಮೆಟ್ಟು, ಗೇರ್ ಸೈಕಲ್ಲು ನೋಡಿ 'ಎಷ್ಟಾಯ್ತು ಸಾರ್ ಇದಕ್ಕೆ?' ಅಂದರು. ಹೇಳಿದೆ. 'ಆ ದುಡ್ಡಿಗೆ ಒಂದು ಹಸ ಬರ್ತಿತ್ತಲ್ಲ' ಅಂದರು. ಉತ್ತರ ಹೊಳೆಯಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಕಥೆಯೂ ಹಳ್ಳಿಯಿಂದಲೇ ಶುರು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೇ ಒಂದು ಊರು ಆಗಬೇಕು ಅಂತ ಕನಸು ಕಂಡು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಆರಂಭಿಸಿದರು. ಆಗ ಅಷ್ಟು ದೂರ ಯಾರು ಹೋಗುತ್ತಾರೆ ಅನ್ನಿಸುವಂಥ ಜಾಗ. ನಮ್ಮ ಉದ್ಯೋಗಗಳ ಬೇರು ಇರುವುದು ಆ ಎರಡು ಹಳ್ಳಿಗಳ ಹೊಲದಲ್ಲಿ. ಗಾಜಿನ ಕಟ್ಟಡದ ಮುಂದೆ ಸೈಕಲ್ ನಿಲ್ಲಿಸಿ ನೀರು ಕುಡಿಯುತ್ತಿದ್ದರೆ ಸೆಕ್ಯುರಿಟಿಯವರು ಬಂದು 'ಇಲ್ಲಿ ನಿಲ್ಲಿಸಬಾರದು' ಅಂದರು. ಸರಿ ಅಂತ ಮುಂದೆ ಹೊರಟೆ.

ಬೇಗೂರು ಮುಟ್ಟಿದಾಗ ಒಂಬತ್ತೂವರೆ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ನಾನು ಹುಡುಕಿಕೊಂಡು ಬಂದ ಕಲ್ಲು ಇದೆ. ಗಂಗರ ಕಾಲದ್ದು, ಸುಮಾರು ಕ್ರಿ.ಶ. 890. ಬೇಗೂರು ಕಡೆಯ ನಾಯಕ ನಾಗತ್ತರನ ಕಡೆಯವನೊಬ್ಬ 'ಬೆಂಗುಳೂರಿನ' ಕಾಳಗದಲ್ಲಿ ಮಡಿದ ಅಂತ ಹಳಗನ್ನಡದಲ್ಲಿ ಕೆತ್ತಿದ್ದಾರೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ನೂರಕ್ಕೂ ಹೆಚ್ಚು ವರ್ಷ ಮುಂಚೆ, ಬೆಂದಕಾಳಿನ ಕಥೆಯ ಹೊಯ್ಸಳ ಬಲ್ಲಾಳನಿಗಿಂತಲೂ ಎಷ್ಟೋ ಮುಂಚೆ ಈ ಹೆಸರು ಇತ್ತು. ಊರಿನ ಹೆಸರು ಸಿಗುವ ಅಷ್ಟು ಹಳೆಯ ದಾಖಲೆಯೇ ಒಂದು ಸಾವಿನ ಸುದ್ದಿ. ಗೆದ್ದವರು ಯಾರೋ, ಸೋತವರು ಯಾರೋ... ಯಾರದೋ ಮನೆಯ ಮಗ ಸತ್ತ, ಅವನನ್ನು ಮರೆಯಬಾರದು ಅಂತ ಮನೆಯವರೋ ಒಡೆಯನೋ ಕಲ್ಲು ಹಾಕಿಸಿದರು. ಅದರಿಂದ ನಮ್ಮ ಊರಿನ ವಯಸ್ಸು ನಮಗೆ ತಿಳಿಯಿತು.

ಅಲ್ಲಿ ಕೂತಿದ್ದಾಗ ನೆನಪಾದದ್ದು ಅಪ್ಪ. ಇಪ್ಪತ್ತಾರು ವರ್ಷ ದಾಸರಹಳ್ಳಿಯಿಂದ ಪೀಣ್ಯಕ್ಕೆ ಕಪ್ಪು ಹರ್ಕ್ಯುಲಿಸ್ ಸೈಕಲ್ಲಿನಲ್ಲಿ ಹೋಗಿಬಂದವರು. ಲೇತ್ ಆಪರೇಟರ್. ಕ್ಯಾರಿಯರಿನಲ್ಲಿ ಊಟದ ಡಬ್ಬಿ, ಸಂಜೆ ಬರುವಾಗ ಮುಂದಿನ ಬಾರಿನ ಮೇಲೆ ನಾನು. ನನ್ನ ಇಂಜಿನಿಯರಿಂಗ್ ಫೀಸು ಆ ಸೈಕಲ್ಲಿನ ಮೇಲೇ ಬಂತು. ಬಸ್ಸಿನ ದುಡ್ಡು ಉಳಿಸುತ್ತಿದ್ದರು ಅಂತ ಅಮ್ಮ ಹೇಳಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ನನಗೆ ಸೈಕಲ್ಲು ಹವ್ಯಾಸ, ಅವರಿಗೆ ಅದು ಸಂಬಳದ ಒಂದು ಭಾಗ. ಆ ರಸ್ತೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಸಾಲುಸಾಲಾಗಿ ಹೋಗುತ್ತಿದ್ದ ಆ ಜನಕ್ಕೆ ಯಾವ ವೀರಗಲ್ಲೂ ಇಲ್ಲ.

ಮನೆಗೆ ಬಂದಾಗ ಹನ್ನೆರಡೂವರೆ. ಅಪ್ಪ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಮಾತು ಈಗ ಸ್ವಲ್ಪ ತೊದಲುತ್ತದೆ, ಅರ್ಥವಾಗುತ್ತದೆ.

'ಎಲ್ಲಿಗೆ ಹೋಗಿದ್ಯೋ?'

'ಬೇಗೂರಿಗೆ ಅಪ್ಪಾ.'

'ಅಷ್ಟು ದೂರಾನಾ... ಹಿಂದಿನ ಬ್ರೇಕ್ ರಬ್ಬರು ಸವೆದಿದೆ, ಬೆಳಿಗ್ಗೆ ಶಬ್ದದಲ್ಲೇ ಗೊತ್ತಾಯ್ತು. ಹೊಸದು ಹಾಕ್ಸು.'

ನೋಡಿದರೆ ನಿಜವಾಗಿಯೂ ಸವೆದಿತ್ತು. ಸಂಜೆ ಅವರ ಮುಂದೆಯೇ ಸೈಕಲ್ಲು ತಿರುಗಿಸಿ ಇಟ್ಟು, ಅವರು ಎಡಗೈಯಲ್ಲಿ ತೋರಿಸಿದ ಹಾಗೆ ನಾನೇ ಬದಲಾಯಿಸಿದೆ. ನಟ್ಟು ಎಷ್ಟು ಬಿಗಿಯಬೇಕು ಅಂತ ಎರಡು ಸಲ ಬೈಸಿಕೊಂಡೆ. ಈ ಎರಡು ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಅದೇ ಮೊದಲು.

ಐರ್ಲೆಂಡ್ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ಭಾನುವಾರ ಪೀಣ್ಯದ ಕಡೆ ಹೊರಟಿದ್ದೇನೆ, ಅಪ್ಪ ಹೋಗುತ್ತಿದ್ದ ದಾರಿಯಲ್ಲೇ. ಯಾವ ತಿರುವಿನಲ್ಲಿ ಏನಿತ್ತು ಅಂತ ಅವರು ಹೇಳುತ್ತಿದ್ದಾರೆ, ನಾನು ಬರೆದುಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಸೈಕಲ್ಲು ಇದ್ದಿದ್ದರೆ, ಅದು ದಿನಾ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಒಮ್ಮೆ ಕೇಳಿ ನೋಡಿ.