ಮಾರು, ಬೆರಳು, ಈಡು: ಕಳಸದ ಕಡೆಯ ಕೋವಿಮಾತಿನ ಬಗ್ಗೆ ಒಂದು ಟಿಪ್ಪಣಿ

ಬಹುದೂರದ ಗುರಿಗೆ ರೈಫಲ್ ಹಿಡಿಯುವವರಿಗೆ ತಮ್ಮದೇ ಒಂದು ಪರಿಭಾಷೆಯಿದೆ. ಅದರಲ್ಲಿ ಕೋನದ ಅಳತೆ, ಗುಂಡಿನ ಇಳಿತ, ಗಾಳಿಯ ಎಳೆತ, ಬಿಸಿಲಿಗೆ ನಡುಗುವ ಗಾಳಿಯ ಪರದೆ ಇವಕ್ಕೆಲ್ಲ ಬೇರೆ ಬೇರೆ ಹೆಸರು, ಅಡ್ಡಹೆಸರು. ಇದಕ್ಕೆ ಕನ್ನಡದಲ್ಲಿ ಸಮಾನ ಪದಗಳನ್ನು ಹುಡುಕುವವರು ಮೊದಲು ಮಲೆನಾಡಿನ ಕಡೆ ತಿರುಗುತ್ತಾರೆ. ಕೊಡಗನ್ನು ಬಿಟ್ಟರೆ ಕೋವಿಯ ಮಾತು ಇಷ್ಟು ದಟ್ಟವಾಗಿರುವ ಸೀಮೆ ಕರ್ನಾಟಕದಲ್ಲಿ ಇನ್ನೊಂದಿಲ್ಲ, ಕೊಡಗಿನಲ್ಲಿ ಅದು ಕೊಡವ ಭಾಷೆಯ ‘ತೋಕ್’. ಆದರೆ ಕಳಸ, ಮೂಡಿಗೆರೆ, ಕುದುರೆಮುಖದ ತಪ್ಪಲಿನ ಕೋವಿಮಾತನ್ನು ಜೋಡಿಸಿ ನೋಡಿದರೆ ದೂರದ ಪದಗಳೇ ಅಪರೂಪ. ಇದನ್ನು ಭಾಷೆಯ ಬಡತನ ಎಂದು ಬಗೆಯುವುದು ಸರಿಯಲ್ಲವೆಂಬುದೇ ಈ ಟಿಪ್ಪಣಿಯ ವಾದ. ಆ ಮಾತು ಹತ್ತಿರದ ಗುರಿಗಾಗಿ ಹುಟ್ಟಿ ಬೆಳೆದದ್ದು, ಅಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ.

ಮೊದಲು ಕೋವಿಯ ಜಾತಿಯನ್ನು ಗಮನಿಸಬೇಕು. ತೋಟದ ಮನೆಗಳಲ್ಲಿ ಇರುತ್ತಿದ್ದದ್ದು ಕೇಪಿನ ಕೋವಿ ಅಥವಾ ತೋಟಾಕೋವಿ. ಕೇಪಿನದಕ್ಕೆ ಬಾಯಿಂದ ಮದ್ದು ತುಂಬಿ ಗಜದಿಂದ, ಅಂದರೆ ತುರುಕುವ ಸರಳಿನಿಂದ, ಜಡಿಯಬೇಕು. ತೋಟಾಕೋವಿ ಎಂದರೆ ಸಾಮಾನ್ಯವಾಗಿ ಹನ್ನೆರಡು ಬೋರಿನದು, ಒಂಟಿ ನಳಿಗೆ ಅಥವಾ ಜೋಡು ನಳಿಗೆ. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವ ನಳಿಗೆ ಎಂಬುದು ಆ ಹನ್ನೆರಡರ ಲೆಕ್ಕ, ಅಂದರೆ ಸುಮಾರು 18.5 ಮಿ.ಮೀ. ಎರಡೂ ಬಗೆಯ ನಳಿಗೆಯ ಒಳಮೈ ನುಣುಪು. ರೈಫಲ್ಲಿನ ನಳಿಗೆಯೊಳಗಿರುವ ಸುರುಳಿ ಗೆರೆಗಳು ಇಲ್ಲಿಲ್ಲ, ಹಾಗಾಗಿ ಗುಂಡಿಗೆ ತಿರುಗಣಿಯಿಲ್ಲ, ದೂರ ಹೋದಂತೆ ಅದು ದಾರಿ ತಪ್ಪುತ್ತದೆ.

ಇದು ಬರೀ ಬಡವರ ಆಯ್ಕೆಯೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನು ರಕ್ಷಣೆಗೆ ಅಥವಾ ಬೇಟೆಯಾಟಕ್ಕೆಂದರೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ, ಬೆಳೆ ಕಾಯಲು ಎಂದರೆ ಬಾಯಿಂದ ತುಂಬುವ ಕೋವಿಯನ್ನೂ ಹೆಸರಿಸಿ ಅವುಗಳ ಪರವಾನಗಿಯನ್ನು ಸಲೀಸು ಮಾಡಿತು. ರೈಫಲ್ಲಿನ ದಾರಿ ಬೇರೆ, ಉದ್ದ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ‘ಪಿಬಿ’, ‘ಎನ್‌ಪಿಬಿ’ ಎಂಬ ಎರಡು ಮಾತು ಚೆನ್ನಾಗಿ ಗೊತ್ತು: ನಿಷೇಧಿತ ಬೋರು, ನಿಷೇಧಿತವಲ್ಲದ ಬೋರು. ಸೈನ್ಯದ ತ್ರೀ ನಾಟ್ ತ್ರೀ ಸಾಮಾನ್ಯರಿಗೆ ಸಿಗಬಾರದೆಂದೇ ಬಂಗಾಳದ ಇಶಾಪುರದ ಕಾರ್ಖಾನೆ .315 ಎಂಬ ಬೇರೆ ಅಳತೆಯ ರೈಫಲ್ ಮಾಡಿ ಮಾರಿತು. ದೊಡ್ಡ ಎಸ್ಟೇಟಿನವರ ಬೀರುವಿನಲ್ಲಿ ಅಂಥದ್ದೊಂದು ಇದ್ದರೂ ಊರಿನ ಮಾತನ್ನು ರೂಪಿಸಿದ್ದು ಅದಲ್ಲ.

ಇನ್ನು ಅಳತೆಯ ಮಾತು. ಕೇಪಿನ ಕೋವಿಗೆ ಮದ್ದು ಎಷ್ಟು ಎಂದರೆ ಉತ್ತರ ಬೆರಳಿನಲ್ಲಿ. ಮದ್ದು, ನಾರು, ಚರೆ ಜಡಿದಾದ ಮೇಲೆ ಗಜ ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ನಿಂತಿದೆ ಎಂದು ಹಿಡಿದು ನೋಡುವುದು. ಹಕ್ಕಿಗೆ ಒಂದು ಲೆಕ್ಕ, ಹಂದಿಗೆ ಇನ್ನೊಂದು. ದೂರವೆಷ್ಟು ಎಂದರೆ ಉತ್ತರ ಮಾರಿನಲ್ಲಿ, ಅಂದರೆ ಎರಡು ಕೈ ಚಾಚಿದಷ್ಟು, ಹೆಚ್ಚುಕಡಿಮೆ ಆರು ಅಡಿ. ಇಪ್ಪತ್ತು ಮಾರು ಎಂದರೆ 120 ಅಡಿ, ನಲವತ್ತು ಗಜ. ಹನ್ನೆರಡು ಬೋರಿನ ಚರೆ ಗುಂಪು ಚದುರದೆ ಕೆಲಸ ಮಾಡುವ ಗಡಿಯೂ ಹೆಚ್ಚುಕಡಿಮೆ ಅದೇ ನಲವತ್ತು ಗಜ. ಏಲಕ್ಕಿ ಮಲೆಯ ಹಳುವಿನಲ್ಲಿ ಕಣ್ಣಿಗೆ ನಿಲುಕುವುದೂ ಬಹಳ ಸಲ ಅದಕ್ಕಿಂತ ಹೆಚ್ಚಿಲ್ಲ. ಕೋವಿ, ಕಾಡು, ಅಳತೆ ಮೂರೂ ಒಂದೇ ಪಾಯದ ಮೇಲೆ ನಿಂತಿವೆ. ಅದರಾಚೆಗೆ ‘ಕೂಗಳತೆ’, ‘ಹರದಾರಿ’ ಎಂಬ ಮಾತುಗಳಿವೆ ನಿಜ, ಅವು ನಡೆಯುವ ಕಾಲಿಗೆ ಮತ್ತು ಕರೆಯುವ ಬಾಯಿಗೆ ಸೇರಿದವು.

ರೈಫಲ್ಲಿನವರು ಮಾತ್ರ ದೂರವನ್ನು ಕೋನದಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ಅವರ ಬಾಯಲ್ಲಿ ‘ಎಂಓಎ’, ನೂರು ಮೀಟರಿನಲ್ಲಿ ಸುಮಾರು 2.9 ಸೆಂ.ಮೀ. ಆಗುತ್ತದೆ. ‘ಮಿಲ್’ ಎಂದರೆ ನೂರು ಮೀಟರಿಗೆ ಹತ್ತು ಸೆಂ.ಮೀ., ಸಾವಿರಕ್ಕೆ ಒಂದು ಮೀಟರು. 7.62 ಮಿ.ಮೀ. ಗುಂಡು ಸಾವಿರ ಗಜ ಮುಟ್ಟಲು ಒಂದೂವರೆ ಸೆಕೆಂಡಿಗೂ ಮಿಕ್ಕಿ ಹಿಡಿಯುತ್ತದೆ. ಅಷ್ಟರಲ್ಲಿ ಅದು ಹತ್ತು ಮೀಟರಿನಷ್ಟು ಕೆಳಗಿಳಿದಿರುತ್ತದೆ. ಇಂಥ ಇಳಿತಕ್ಕೆ ಹೆಸರು ಬೇಕೇಬೇಕು. ಇಪ್ಪತ್ತು ಮಾರಿಗೆ ಬೇಡ: ಚರೆ ಅಲ್ಲಿಗೆ ತಲುಪುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ. ಗುಡ್ಡದ ಓರೆಯಲ್ಲಿ, ಮೇಲಕ್ಕಾಗಲಿ ಕೆಳಕ್ಕಾಗಲಿ ಹೊಡೆದರೆ ಗುಂಡು ಎಣಿಸಿದ್ದಕ್ಕಿಂತ ಮೇಲೇ ಹೋಗುತ್ತದೆ ಎಂಬ ಪಾಠವೂ ಹಾಗೆಯೇ. ಮೂವತ್ತು ಡಿಗ್ರಿ ಓರೆಯಲ್ಲಿ 300 ಮೀಟರಿನ ಗುರಿಗೆ 260ರ ಲೆಕ್ಕ ಹಿಡಿಯಬೇಕು. ಕಳಸದಲ್ಲಿ ಸಮತಟ್ಟು ನೆಲ ಹುಡುಕಬೇಕಾದಷ್ಟು ಓರೆಯಿದ್ದರೂ ಆ ಲೆಕ್ಕ ಯಾರ ಮಾತಿಗೂ ಬರಲಿಲ್ಲ, ಬರಬೇಕಾದಷ್ಟು ದೂರಕ್ಕೆ ಯಾರೂ ಹೊಡೆಯಲಿಲ್ಲ.

ಗಾಳಿಯ ವಿಷಯದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ‘ಗಾಳಿ ನೋಡು’ ಎಂದು ಎರಡೂ ಕಡೆಯವರು ಹೇಳುತ್ತಾರೆ. ದೂರದ ಗುರಿಕಾರ ನೋಡುವುದು ಗಾಳಿ ಗುಂಡನ್ನು ಎಷ್ಟು ಪಕ್ಕಕ್ಕೆ ತಳ್ಳೀತು ಎಂದು. ತಿರುಪು ತಿರುಗಿಸದೆ, ಅಂದಾಜಿನಲ್ಲೇ ಗುರಿಯಿಂದ ಅಷ್ಟು ಸರಿಸಿ ಹಿಡಿಯುವುದನ್ನು ಅಮೆರಿಕದವರು ಕೆಂಟಕಿಯ ಹೆಸರಿನಲ್ಲಿ ಕರೆದು ನಗುತ್ತಾರೆ. ಮಲೆನಾಡಿನ ಶಿಕಾರಿಯವನಿಗೆ ಗುಂಡಿನ ಚಿಂತೆಯಿಲ್ಲ. ತನ್ನ ಮೈವಾಸನೆ ಯಾವ ಕಡೆ ಹೋಗುತ್ತಿದೆ ಎಂದಷ್ಟೇ ಅವನು ಗಾಳಿ ನೋಡುವುದು. ಹಣ್ಣು ಉದುರುವ ಮರದ ಹತ್ತಿರ ರಾತ್ರಿಯೆಲ್ಲ ‘ಮರಸು’ ಕೂರುವವನಿಗೆ ಗಾಳಿ ತಿರುಗಿತೆಂದರೆ ಅಂದಿನ ಕೆಲಸ ಮುಗಿಯಿತು. ಬೀಡಿ ಬೇಡ, ಕೆಮ್ಮು ಬೇಡ.

ಈ ಮಾತಿನ ಸಿರಿವಂತಿಕೆ ಇರುವುದು ಜಾಗ ಮತ್ತು ಕಾಯುವಿಕೆಯ ಸುತ್ತ. ಹಳು ನುಗ್ಗಿ ಗದ್ದಲವೆಬ್ಬಿಸಿ ಪ್ರಾಣಿಯನ್ನು ಎಬ್ಬಿಸುವುದು ‘ಸೋವು’. ಅದು ಹಾಯುವ ಕಂಡಿಯಲ್ಲಿ ಕೋವಿ ಹಿಡಿದವನು ನಿಲ್ಲುವ ಜಾಗ ‘ಬಿಲ್ಲು’. ಬಿಲ್ಲಿಗೆ ನಿಂತವನ ಕೈಯಲ್ಲಿ ಬಿಲ್ಲು ಹೋಗಿ ಕೋವಿ ಬಂದು ತಲೆಮಾರುಗಳೇ ಕಳೆದರೂ ಜಾಗದ ಹೆಸರು ಬದಲಾಗಲಿಲ್ಲ. ಹೊಡೆತಕ್ಕೂ ಕೋವಿಗೆ ತುಂಬಿದ್ದಕ್ಕೂ ‘ಈಡು’ ಎಂಬ ಒಂದೇ ಪದ. ಕೆಡು–ಕೇಡು, ಪಡು–ಪಾಡು ಎಂಬಂತೆ ಇಡು–ಈಡು, ಹಳಗನ್ನಡದ ‘ಇಡು’ವಿಗೆ ಎಸೆ, ಹೊಡೆ ಎಂಬ ಅರ್ಥಗಳಿವೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳು ತೀರ್ಥಹಳ್ಳಿ ಕಡೆಯವಾದರೂ ಈ ಪದಗಳಿಗೆ ಅವೇ ಒಳ್ಳೆಯ ದಾಖಲೆ. ನಿಘಂಟು ಮಾಡುವವರು ‘ಬಿಲ್ಲು’ ಪದದ ಕೆಳಗೆ ಈ ಅರ್ಥಕ್ಕೂ ಸ್ವಂತ ಸಾಲೊಂದನ್ನು ಕೊಡಬೇಕೆಂದು ನನ್ನ ಅಭಿಪ್ರಾಯ.

ರೈಫಲ್ಲಿನ ಲೋಕ ಈ ಸೀಮೆಗೆ ಬಂದದ್ದು ಹೆಚ್ಚಾಗಿ ಪುಸ್ತಕದ ಮೂಲಕ. ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕೆನೆತ್ ಆಂಡರ್ಸನ್‌ನ ಅನುಭವಗಳನ್ನು ‘ಕಾಡಿನ ಕತೆಗಳು’ ಎಂದು ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು, ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ಚಿರತೆಯನ್ನೂ ತಂದರು. ಆಂಡರ್ಸನ್‌ನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಆದರೂ ಮಚಾನಿನ ಮೇಲೆ ಕೂತವನಿಗೆ ಹುಲಿ ಸಿಗುವುದು ಕೆಲವೇ ಮಾರಿನಲ್ಲಿ. ಆ ಕತೆಗಳು ಮಲೆನಾಡಿನ ಕನ್ನಡಕ್ಕೆ ಅಷ್ಟು ಸಲೀಸಾಗಿ ಒಗ್ಗಿದ್ದಕ್ಕೆ ತೇಜಸ್ವಿಯವರ ಗದ್ಯದ ಜೊತೆಗೆ ಇದೂ ಒಂದು ಕಾರಣವಿದ್ದೀತು. ದೂರದಿಂದ ಹೊಡೆಯುವವನಿಗೆ ಜಗತ್ತೆಲ್ಲ ಬಳಸುವ ‘ಸ್ನೈಪರ್’ ಎಂಬ ಹೆಸರಿಗೂ ಭಾರತದ ನಂಟಿದೆ: ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳು ಕೆಸರುಗದ್ದೆಯ ಸ್ನೈಪ್ ಹಕ್ಕಿಯನ್ನು ಹೊಡೆಯುವ ಆಟದಿಂದ ಅದು ಬಂತು. ಆ ಹಕ್ಕಿ ಅಂಕುಡೊಂಕಾಗಿ ಹಾರುತ್ತದೆ, ಹೊಡೆಯುವುದು ಹತ್ತಿರದಿಂದಲೇ, ಚರೆಯಿಂದಲೇ.

ಈಚಿನ ಪೀಳಿಗೆಗೆ ಇನ್ನೊಂದು ದಾರಿ ಎನ್‌ಸಿಸಿ. ಕಾಲೇಜಿನ ಮಕ್ಕಳು .22 ರೈಫಲ್ ಹಿಡಿಯುವುದು ಅಲ್ಲಿ, ಚಾಚಿದ ಕೈಯ ಒಂದು ಬೆರಳಗಲ ಸುಮಾರು ಎರಡು ಡಿಗ್ರಿ ಎಂದು ಕಲಿಯುವುದೂ ಅಲ್ಲಿ. ಅಜ್ಜ ಮದ್ದು ಅಳೆದ ಬೆರಳಿನಲ್ಲಿ ಮೊಮ್ಮಗಳು ಕೋನ ಅಳೆಯುತ್ತಾಳೆ. ಆಜ್ಞೆಗಳು ಹಿಂದಿಯಲ್ಲಿ, ‘ಶಿಸ್ತ್’ ಎಂದರೆ ಅಲ್ಲಿ ಗುರಿ. ಕನ್ನಡದ ಕಿವಿಗೆ ಅದು ಬೈಗುಳದಂತೆ ಕೇಳಿದರೆ ಆಶ್ಚರ್ಯವಿಲ್ಲ.

1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ಅಪರಾಧವಾಯಿತು. ಸೋವು, ಬಿಲ್ಲು, ಮರಸು ಹಿರಿಯರ ಹರಟೆಗೆ ಸೇರಿದವು. ತೋಟದಲ್ಲಿ ಉಳಿದದ್ದು ಬೆಳೆ ಕಾಯುವ ಕೋವಿ, ಅದೂ ಪ್ರತಿ ಚುನಾವಣೆಗೆ ಠಾಣೆಯಲ್ಲಿ ‘ಡಿಪಾಸಿಟ್’. ಹಂದಿಗೂ ಮಂಗಕ್ಕೂ ನೀತಿಸಂಹಿತೆಯಿಲ್ಲ ಎಂಬ ಬೆಳೆಗಾರರ ಗೊಣಗಾಟ ಆಗೆಲ್ಲ ಕೇಳುತ್ತದೆ. ಈಗ ಬಾಳೆ, ಏಲಕ್ಕಿ, ಅಡಿಕೆಯ ಮೇಲೆ ಬೀಳುವ ಮಂಗಗಳಿಗೆ ಹಾರಿಸುವುದು ಚರೆಯಿಲ್ಲದ ಬರೀ ಮದ್ದಿನ ಈಡು, ಇಲ್ಲವೇ ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಸದ್ದು. ಅದಕ್ಕೆ ಗುರಿ ಬೇಡ, ಮಾರಿನ ಲೆಕ್ಕವೂ ಬೇಡ. ಎಷ್ಟು ದೂರ ಕೇಳಿಸೀತು ಎಂಬುದೊಂದೇ ಪ್ರಶ್ನೆ, ಅದನ್ನು ಅಳೆಯಲು ಕೂಗಳತೆ ಸಾಕು.