ಬೆರಳಚ್ಚು, ಧೂಳು ಮತ್ತು ಬೀಜಗುಣ

ಹಿಂದೆ ಬೌರಿಂಗ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ 1894ರಲ್ಲಿ ರೈಲುಹಾದಿ ತೆರೆದ ತರುವಾಯ, ಉತ್ತರ ಆರ್ಕಾಟು ಮತ್ತು ಚಿತ್ತೂರು ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಹೊರಟ ಸಹಸ್ರಾರು ಬಡವರು, ಅವರಲ್ಲಿಯೂ ಬಹುಸಂಖ್ಯೆಯ ಆದಿದ್ರಾವಿಡರು, ಕೋಲಾರದ ಚಿನ್ನದ ಗಣಿಗಳನ್ನು ಸೇರಿ, ಬಿದಿರುತಟ್ಟಿಯ ಗುಡಿಸಲುಗಳಲ್ಲಿ ನೆಲಸಿ, ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತಕ್ಕೊಳಪಟ್ಟ ಕಂಪೆನಿಗಳ ಕೂಲಿಗಾರರಾದರು. ಹೊಲದಲ್ಲಿ ದುಡಿದವರ ಮಕ್ಕಳು ಬಂಡೆ ಕೊರೆಯುವುದರಲ್ಲಿ ನಿಪುಣರಾಗುವುದಕ್ಕೆ ತಲೆಮಾರುಗಳು ಉರುಳಬೇಕಾಗಲಿಲ್ಲ. ಆದರೂ ಕಸಬೂ ಶೀಲವೂ ಹುಟ್ಟಿನೊಡನೆಯೇ ಬರುವುವೆಂಬ ನಂಬಿಕೆ ಆಳುವವರಲ್ಲಿಯೂ ಆಳಿಸಿಕೊಂಡವರಲ್ಲಿಯೂ ಆಳವಾಗಿ ಬೇರೂರಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಂತೂ ಕಳ್ಳತನವನ್ನೇ ಕುಲದ ಗುಣವೆಂದು ಎಣಿಸಿತು.

ಇಂಥ ಕಾಲದಲ್ಲಿ, 1930ರಲ್ಲಿ, ಕೂಲಿಗಾರರ ಬೆರಳಚ್ಚನ್ನು ತೆಗೆದು ನೋಂದಾಯಿಸುವ ಕ್ರಮ ಬಂದಾಗ ಗಣಿಗಳಲ್ಲಿ ದೊಡ್ಡ ಮುಷ್ಕರವೆದ್ದಿತು. ಮಸಿ ಮೆತ್ತಿದ ಬೆರಳನ್ನು ಕಾಗದದ ಮೇಲೊತ್ತುವುದು ಪೋಲೀಸರ ಪದ್ಧತಿ. ಅದಕ್ಕೆಂದೇ 1897ರಲ್ಲಿ ಕಲ್ಕತ್ತೆಯಲ್ಲಿ ಒಂದು ಕಚೇರಿಯೇ ಸ್ಥಾಪಿತವಾಗಿತ್ತು. ಭೂಗರ್ಭದಲ್ಲಿ ಪ್ರಾಣವನ್ನು ಒತ್ತೆಯಿಟ್ಟು ದುಡಿಯುವವನನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಹೊರಟ ಆ ಕ್ರಮದ ಮೇಲೆ ಅವರಿಗೆ ಬಂದ ಕೋಪ ಸರ್ವಥಾ ನ್ಯಾಯವಾದುದೆಂದು ನಾನು ಬಗೆಯುತ್ತೇನೆ. ಬೆರಳಚ್ಚನ್ನು ಶಾಸ್ತ್ರದ ಪದವಿಗೇರಿಸಿದ ಫ್ರಾನ್ಸಿಸ್ ಗಾಲ್ಟನ್, ಉತ್ತಮ ವಂಶಗಳನ್ನೇ ಬೆಳೆಸಬೇಕೆನ್ನುವ ಸುಜನನವಾದದ ಪ್ರವರ್ತಕನೂ ಹೌದು. ಆ ರೇಖೆಗಳಲ್ಲಿ ಜನಾಂಗವನ್ನೂ ಶೀಲವನ್ನೂ ಓದಬಹುದೆಂದು ಹಂಬಲಿಸಿದ್ದ ಆತನೇ, 1892ರ ತನ್ನ ಗ್ರಂಥದಲ್ಲಿ ಆ ಆಶೆ ಕೈಗೂಡಲಿಲ್ಲವೆಂದು ಒಪ್ಪಿಕೊಂಡನು.

ಕೈಗೂಡದಿದ್ದುದರ ಕಾರಣ ಇಂದು ಬಹುಮಟ್ಟಿಗೆ ತಿಳಿದಿದೆ. ವಂಶವಾಹಿಯಲ್ಲಿ ಲಿಖಿತವಾಗಿರುವುದು ಪ್ರೋಟೀನಿನ ಅಮೈನೋ ಆಮ್ಲಗಳ ಅನುಕ್ರಮ. ಬೆರಳ ಸುಳಿಯ ಚಿತ್ರ ಅಲ್ಲೆಲ್ಲಿಯೂ ಇಲ್ಲ. ಗರ್ಭಸ್ಥ ಶಿಶುವಿನ ಬೆರಳ ತುದಿಯಲ್ಲಿ ಮೂರನೆಯ ತಿಂಗಳ ಸುಮಾರಿಗೆ ಮೆತ್ತನೆಯ ಉಬ್ಬೊಂದಿರುತ್ತದೆ. ಆ ಉಬ್ಬಿನ ನಡುವಿನಿಂದಲೂ, ಉಗುರಿನ ಕಡೆಯಿಂದಲೂ, ಗೆಣ್ಣಿನ ಮಡಿಕೆಯಿಂದಲೂ ಸೂಕ್ಷ್ಮವಾದ ಏಣುಗಳು ಅಲೆಯಲೆಯಾಗಿ ಹೊರಟು, ತಮ್ಮತಮ್ಮೊಳಗೆ ಸಂಧಿಸಿದ ರೀತಿಗೂ ಹೊತ್ತಿಗೂ ತಕ್ಕಂತೆ ಕಮಾನಾಗಿಯೋ ಕುಣಿಕೆಯಾಗಿಯೋ ಸುಳಿಯಾಗಿಯೋ ನಿಲ್ಲುತ್ತವೆ. ಈ ಬೆಳವಣಿಗೆಯನ್ನು ನಡೆಸುವ ವಂಶವಾಹಿಗಳಿವೆ, ವಿನ್ಯಾಸದ ಒಟ್ಟು ಒಲವು ತಂದೆತಾಯಿಗಳಿಂದ ಬರುವುದೂ ಉಂಟು. ಆದರೆ ಒಂದೇ ಭ್ರೂಣ ಇಬ್ಭಾಗವಾಗಿ ಹುಟ್ಟಿದ ಅವಳಿಗಳ ಹೆಬ್ಬೆರಳಚ್ಚುಗಳು ಕೂಡ ಒಂದೇ ಆಗಿರುವುದಿಲ್ಲ. ಕಂಪೆನಿಯ ದಫ್ತರದಲ್ಲಿ ಅಂಥ ಅವಳಿಗಳಲ್ಲಿಯೂ ಒಬ್ಬನನ್ನು ಗುರುತಿಸುವುದಕ್ಕೆ ಆ ಅಚ್ಚು ಉಪಯುಕ್ತವಾದುದು, ವಂಶವಾಹಿಯೊಂದೇ ಅದನ್ನು ನಿರ್ಣಯಿಸದೆ ಇರುವುದರಿಂದಲೇ.

ಹುಟ್ಟಿನಿಂದಲೇ ಎಲ್ಲವೂ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಂಕಟಕರವಾದ ಉದಾಹರಣೆ ಗಣಿಗಾರರ ಎದೆಯೊಳಗಿತ್ತು. ತಂದೆಯ ತರುವಾಯ ಮಗನನ್ನೂ ಅದೇ ಕೆಮ್ಮು, ಅದೇ ಏದುಸಿರು ಹಿಡಿಯುತ್ತಿದ್ದ ಮನೆಯನ್ನು ಕಂಡವನಿಗೆ, ಇದು ವಂಶದ ರೋಗವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಅದು ಸಿಲಿಕೋಸಿಸ್ ಎಂಬ ಧೂಳಿನ ರೋಗ. ಭಾರತದಲ್ಲಿ ಅದು ಮೊದಲು ವರದಿಯಾದದ್ದು ಈ ಗಣಿಗಳಿಂದಲೇ, 1947ರಲ್ಲಿ. ಪರೀಕ್ಷೆಗೊಳಗಾದ ಗಣಿಗಾರರಲ್ಲಿ ನೂರಕ್ಕೆ 43.7 ಮಂದಿಯ ಶ್ವಾಸಕೋಶಗಳು ಕಲ್ಲಿನ ಧೂಳಿನಿಂದ ಕೆಟ್ಟಿದ್ದುವು. ಒಂದೇ ಧೂಳನ್ನುಂಡ ಇಬ್ಬರಲ್ಲಿ ಒಬ್ಬನು ಬೇಗನೆಯೂ ಇನ್ನೊಬ್ಬನು ತಡವಾಗಿಯೂ ಬಳಲುವುದರಲ್ಲಿ ವಂಶವಾಹಿಗಳ ಪಾಲಿರಬಹುದು. ಆದರೆ ಧೂಳಿಲ್ಲದೆ ಆ ರೋಗವೇ ಇಲ್ಲ, ಮತ್ತು ಕೊರೆಯುವ ಬಂಡೆಗೆ ನೀರು ಹಾಯಿಸಿ, ಸುರಂಗಕ್ಕೆ ಗಾಳಿಯಾಡಿಸಿ, ಆ ಧೂಳನ್ನು ಅಡಗಿಸುವ ಹೊಣೆ ಗಣಿಯ ಒಡೆಯರದಾಗಿತ್ತು.